ಕುರಿ ಕದ್ದವರ ಮನೆತನ

ಅವತ್ತು ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಅವಮಾನ ಮಾಡಲಿಲ್ಲ. ನಾವು ಒಂದು ಸುಳ್ಳನ್ನು ಬಚ್ಚಿಟ್ಟುಕೊಂಡು ಊಟಕ್ಕೆ ಕೂತಿದ್ದೆವು. ಬಂದವರು ತಮಾಷೆಗೆ ಎಸೆದ ಕಲ್ಲು ಹೋಗಿ ಅದಕ್ಕೇ ಬಿತ್ತು. ನಡೆದದ್ದು ಇಷ್ಟೇ. ಮಿಕ್ಕಿದ್ದೆಲ್ಲ ಆಮೇಲೆ ಅವರವರು ಕಟ್ಟಿಕೊಂಡದ್ದು.

ನಾನು ಅಮೆರಿಕದ ಹರ್ನ್‌ಡನ್‌ನಲ್ಲಿ ಮಗಳ ಮನೆಯಲ್ಲಿರುವವಳು. ಏರ್‌ಪೋರ್ಟ್ ಪಕ್ಕದ ಊರು, ವಿಮಾನಗಳು ತಲೆಯ ಮೇಲೇ ಇಳಿಯುತ್ತವೆ. ಓದಿದ್ದು ಮೂರನೇ ಕ್ಲಾಸು. ಇಂಗ್ಲಿಷ್ ಅರ್ಧಂಬರ್ಧ ಕಿವಿಗೆ ಬೀಳುತ್ತದೆ, ನಾಲಿಗೆಗೆ ಬರುವುದಿಲ್ಲ. ಹಾಗಾಗಿ ನಾಲ್ಕು ಜನ ಸೇರಿದ ಕಡೆ ಎಲ್ಲರೂ ಎದುರಿನವರ ಬಾಯಿ ನೋಡುತ್ತಿದ್ದರೆ ನಾನು ಅವರ ಕೈ ನೋಡುತ್ತಾ ಕೂರುತ್ತೇನೆ. ಬೇರೆ ಕೆಲಸ ಏನಿದೆ?

ನನಗೆ ಇರುವುದು ಒಬ್ಬಳೇ ಮೊಮ್ಮಗಳು. ಇವನನ್ನೇ ಮದುವೆಯಾಗುತ್ತೇನೆ ಎಂದು ಅವಳು ಕರೆದುಕೊಂಡು ಬಂದ ಹುಡುಗ ಆಸ್ಟ್ರೇಲಿಯಾದವನು. ಅವಳ ಆಫೀಸಿನಲ್ಲೇ ಕೆಲಸ. ಮೊದಲನೇ ಸಲ ಬಂದಾಗ ಕಾರಿನಿಂದ ಬರಿಗಾಲಲ್ಲಿ ಇಳಿದ. ಸುಡುವ ಬಿಸಿಲು, ಟಾರ್ ರಸ್ತೆ ಕಾದು ಹೋಗಿತ್ತು. ಅವನು ದೇವಸ್ಥಾನದ ಪೌಳಿಯಲ್ಲಿ ನಡೆದು ಬಂದ ಹಾಗೆ ನಡೆದುಕೊಂಡು ಒಳಗೆ ಬಂದ. ಅವರ ಊರಿನಲ್ಲಿ ಅಂಗಡಿಗೂ ಹಾಗೇ ಹೋಗುತ್ತಾರಂತೆ.

"ಚಪ್ಪಲಿಗೂ ಗತಿಯಿಲ್ವಾ ಇವನಿಗೆ?" ಎಂದು ಮಗಳು ಅಡುಗೆಮನೆಯಲ್ಲಿ ಗೊಣಗಿದಳು.

"ಬಾಗಿಲಲ್ಲಿ ಬಿಟ್ಟು ಬಾಪ್ಪ ಅಂತ ಹೇಳೋ ಕೆಲಸ ತಪ್ತು, ಬಿಡು" ಎಂದೆ.

ಅವನಿಗೆ ಚೌಕಾಬಾರ ಕಲಿಸಿದೆ. ಬೇಗ ಕಲಿತ, ಬೇಗ ಸೋತ. ಸೋತಾಗೆಲ್ಲ ಕವಡೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಳಗೆ ಸೀಸ ತುಂಬಿದೆಯೇನೋ ಎಂಬಂತೆ ತಿರುಗಿಸಿ ನೋಡುತ್ತಿದ್ದ. ಮೊಮ್ಮಗಳ ಹತ್ತಿರ ಕೇಳಿಕೊಂಡು ನನ್ನನ್ನು "ಕಳ್ಳಿ ಅಜ್ಜಿ" ಎಂದು ಕರೆಯತೊಡಗಿದ. ನಾನು "ಹೋಗೋ ಮುಠ್ಠಾಳ" ಎಂದೆ. ಅದನ್ನೂ ಕಲಿತುಕೊಂಡ. ಮನೆಗೆ ಕಾಲಿಡುತ್ತಲೇ ಎದೆ ಮುಟ್ಟಿಕೊಂಡು "ಮುಠ್ಠಾಳ ಬಂದ" ಎನ್ನುತ್ತಿದ್ದ. ಮಗಳಿಗೆ ಇದು ಸರಿಬರುತ್ತಿರಲಿಲ್ಲ. "ಅಳಿಯ ಆಗೋನಮ್ಮ ಅವನು, ಸ್ವಲ್ಪ ಮರ್ಯಾದೆ ಕೊಟ್ಟು ಮಾತಾಡು" ಎನ್ನುವಳು. ನಾನು ಮರ್ಯಾದೆ ಕೊಟ್ಟು ನೋಡಿದೆ. ಅವನೇ ಹೆದರಿಕೊಂಡು "ಅಜ್ಜಿಗೆ ನನ್ನ ಮೇಲೆ ಕೋಪಾನಾ?" ಎಂದು ಮೊಮ್ಮಗಳನ್ನು ಕೇಳಿದನಂತೆ.

ಒಂದೇ ಒಂದು ಸಲ ಅವನು ನನ್ನನ್ನು ಕಳ್ಳಿ ಎನ್ನಲಿಲ್ಲ. ಊರಿನಲ್ಲಿ ನನ್ನ ತಂಗಿ ತೀರಿಕೊಂಡಾಗ. ನಾನು ಫೋನಿನಲ್ಲೇ ಅವಳ ಮುಖ ನೋಡಿ, ಸ್ನಾನ ಮಾಡಿ ಕೂತಿದ್ದೆ. ಅವನು ಬಂದು ನೆಲದ ಮೇಲೆ ನನ್ನ ಪಕ್ಕ ಕೂತ. ತಮಾಷೆ ಇಲ್ಲ, ಮಾತೂ ಇಲ್ಲ. ಹೋಗುವಾಗ ನನ್ನ ನೀರಿನ ಲೋಟ ತುಂಬಿಸಿಟ್ಟು ಹೋದ. ಆ ಜನರ ರೀತಿ ಅದು ಎಂದು ಅವತ್ತೇ ನನ್ನ ಮನಸ್ಸಿಗೆ ಬಂತು. ಬಾಯಿಗೆ ಬಂದಂತೆ ಅನ್ನುತ್ತಿದ್ದಾರೆ ಎಂದರೆ ಅವರ ಲೆಕ್ಕದಲ್ಲಿ ನೀನು ಚೆನ್ನಾಗಿದ್ದೀಯ. ಬಾಯಿ ಮುಚ್ಚಿದರು ಎಂದರೆ ನಿನಗೆ ಏನೋ ಆಗಿದೆ, ಅದು ಅವರಿಗೆ ಗೊತ್ತು.

ಇನ್ನು ನಮ್ಮ ಸುಳ್ಳಿನ ವಿಷಯ.

ನಮ್ಮ ಅಳಿಯಂದಿರದು, ಅಂದರೆ ಮಗಳ ಗಂಡನದು, ಸರ್ಕಾರದ ಗುತ್ತಿಗೆಯ ಮೇಲೆ ನಡೆಯುವ ಕೆಲಸ. ಆ ವರ್ಷ ನಮ್ಮ ಸುತ್ತಮುತ್ತ ಅಂಥ ಕೆಲಸಗಳು ಒಂದೊಂದೇ ನಿಲ್ಲುತ್ತಾ ಬಂದವು. ಪಕ್ಕದ ಸಾಲಿನ ಮನೆಯ ಮುಂದೆ ಮಾರಾಟದ ಬೋರ್ಡು ನಿಂತಿತು. ಆಮೇಲೆ ಅಳಿಯಂದಿರದೂ ಹೋಯಿತು. ಮನೆಯವರನ್ನು ಬಿಟ್ಟು ಯಾರಿಗೂ ತಿಳಿಯಬಾರದು ಎಂದರು. ಬೆಳಿಗ್ಗೆ ಎದ್ದು, ಶೇವ್ ಮಾಡಿಕೊಂಡು, ಲ್ಯಾಪ್‌ಟಾಪ್ ಬ್ಯಾಗು ಹೆಗಲಿಗೆ ಹಾಕಿಕೊಂಡು ಎಂದಿನಂತೆ ಕಾರು ತೆಗೆದು ಹೋಗುವರು. ಲೈಬ್ರರಿಯಲ್ಲಿ ಕೂತಿದ್ದು ಸಂಜೆ ಬರುವರು. ಮಗಳು ಎಂದಿನಂತೆ ಡಬ್ಬಿ ಕಟ್ಟಿಕೊಡುವಳು. ಡಬ್ಬಿಯಲ್ಲಿ ಮೊಸರನ್ನ ಹಾಗೇ ವಾಪಸು ಬರುತ್ತಿತ್ತು. ನಾನು ಅದನ್ನು ನೋಡಿಯೂ ನೋಡದ ಹಾಗೆ ತೊಳೆದಿಡುತ್ತಿದ್ದೆ.

ಅಂಥ ಹೊತ್ತಿನಲ್ಲಿ ಹುಡುಗನ ಅಪ್ಪ ಅಮ್ಮ ಬರುತ್ತೇವೆ ಎಂದರು. ಮದುವೆ ಮಾತು ಮುಗಿಸಬೇಕು. ಕೊರೊನಾ ಕಾಲದಲ್ಲಿ ಅವರ ದೇಶ ಬಾಗಿಲು ಹಾಕಿಕೊಂಡಾಗ ಹುಡುಗ ಈ ಕಡೆ ಉಳಿದುಬಿಟ್ಟಿದ್ದ, ತಾಯಿ ಆ ಕಡೆ. ಬಾಗಿಲು ತೆಗೆದ ಮೇಲೂ ಅಪ್ಪನ ಮಂಡಿ ಆಪರೇಷನ್, ಅದು ಇದು ಎಂದು ಅವರು ಮಗನ ಮುಖ ನೋಡಿ ಬಹಳ ಕಾಲವಾಗಿತ್ತು.

ಮಗಳು ನನಗೆ ಹಿಂದಿನ ದಿನವೇ ಪಾಠ ಮಾಡಿದಳು. "ಅಮ್ಮ, ಇವರ ಕೆಲಸದ ವಿಷಯ ಬಂದ್ರೆ ನೀನು ಬಾಯಿ ಬಿಡ್ಬೇಡ. ದೊಡ್ಡ ಪ್ರಾಜೆಕ್ಟು, ತುಂಬಾ ಬ್ಯುಸಿ ಅಂತ ನಾನು ಹೇಳ್ತೀನಿ."

"ನನಗೆ ಇಂಗ್ಲಿಷೇ ಬರಲ್ವಲ್ಲೇ."

"ಮುಖದಲ್ಲೂ ತೋರಿಸ್ಬೇಡ!"

ಮೊಮ್ಮಗಳಿಗೂ ಅದೇ ಕಟ್ಟಪ್ಪಣೆ: ಹುಡುಗನಿಗೂ ಹೇಳಕೂಡದು. ಅವಳು ಸುಮ್ಮನೆ ಕತ್ತು ಆಡಿಸಿದಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ನಮ್ಮವರೇ ಹೇಳಿಲ್ಲವೇ? ನನ್ನ ಮದುವೆಗೂ ಹೇಳಿದ್ದರು. ಗಂಡಿಗೆ ಎರಡು ಬಾವಿ ಇದೆ ಎಂದಿದ್ದರು. ಒಂದರಲ್ಲಿ ನೀರಿರಲಿಲ್ಲ, ಇನ್ನೊಂದು ಚಿಕ್ಕಪ್ಪನದು.

ಭಾನುವಾರ ಹುಡುಗ ನಮಗೆ ನೆರವಾಗಲೆಂದು ಬೆಳಿಗ್ಗೆಯೇ ತನ್ನ ಕಾರಿನಲ್ಲಿ ಬಂದಿದ್ದ, ಬೀಗರು ಮಧ್ಯಾಹ್ನ ಟ್ಯಾಕ್ಸಿಯಲ್ಲಿ ಬಂದಿಳಿದರು. ಬೀಗಿತ್ತಿ ಹಿಂದೆ, ಬೀಗರು ಮುಂದೆ, ಡ್ರೈವರ್ ಪಕ್ಕದಲ್ಲಿ. ಇಳಿದ ಮೇಲೂ ಡ್ರೈವರ್ ಭುಜ ತಟ್ಟಿ ಏನೋ ಹೇಳಿ ನಗುತ್ತಿದ್ದರು. ನಮ್ಮ ಅಳಿಯಂದಿರು ರೇಷ್ಮೆ ಜುಬ್ಬ ಹಾಕಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದರು.

"ಅವರ ಊರಲ್ಲಿ ಹಾಗೇ ಅಜ್ಜಿ" ಎಂದು ಮೊಮ್ಮಗಳು ನನ್ನ ಕಿವಿಯಲ್ಲಿ ಹೇಳಿದಳು. "ಹಿಂದೆ ಕೂತ್ರೆ ನಾನು ದೊಡ್ಡ ಬಾಸ್ ಅಂದಂಗೆ. ಮುಂದೆ ಕೂತ್ರೆ ಫ್ರೆಂಡ್."

ಇಷ್ಟು ವರ್ಷವಾದರೂ ಅಳಿಯನ ಕಾರಿನಲ್ಲಿ ಹಿಂದೆಯೇ ಕೂರುವವಳು ನಾನು. ಅಳಿಯನ ಪಕ್ಕದಲ್ಲಿ ಅತ್ತೆ ಕೂರುವುದು ನಮ್ಮ ಕಡೆ ಇಲ್ಲ. ಎದುರಿಗೆ ನಿಂತು ಮಾತಾಡುವುದೇ ಕಮ್ಮಿ.

ಬೀಗರು ಒಂದು ಸೀಸೆಯಲ್ಲಿ ಕಪ್ಪು ಲೇಹದಂಥದ್ದನ್ನು ತಂದಿದ್ದರು. ಬ್ರೆಡ್ಡಿಗೆ ಸವರಿ ತಿನ್ನುವುದಂತೆ. ನಾನು ಬೆರಳಿಗೆ ಹಚ್ಚಿ ನೆಕ್ಕಿದೆ. ಉಪ್ಪೋ ಉಪ್ಪು, ಹಳೇ ಹುಣಸೆಹಣ್ಣಿನ ವಾಸನೆ. ಬಿಸಿ ಅನ್ನಕ್ಕೆ ತುಪ್ಪದ ಜೊತೆ ಆಗಬಹುದು ಎನಿಸಿತು. ಮಗಳು ಉಪಚಾರಕ್ಕೆ "ನಾವೂ ನಿಮ್ಮೂರಿಗೆ ಬರ್ತೀವಿ" ಎಂದಳು. ಬೀಗರು ಮುಖ ಗಂಟು ಹಾಕಿಕೊಂಡು ಎಚ್ಚರಿಕೆ ಹೇಳಿದರು: ಬನ್ನಿ, ಆದರೆ ಮರದ ಕೆಳಗೆ ನಿಲ್ಲಬೇಡಿ, ನಮ್ಮ ಕಡೆ ಒಂದು ಜಾತಿಯ ಕರಡಿ ಮೇಲಿಂದ ತಲೆಯ ಮೇಲೆ ಬೀಳುತ್ತದೆ, ಈ ಕಪ್ಪು ಲೇಹವನ್ನು ಕಿವಿಯ ಹಿಂದೆ ಸವರಿಕೊಂಡರೆ ಹತ್ತಿರ ಬರುವುದಿಲ್ಲ. ಮಗಳು ಎಂ.ಎಸ್ಸಿ. ಓದಿದವಳು. "ಅಯ್ಯೋ! ಹತ್ತಿರದಲ್ಲಿ ಆಸ್ಪತ್ರೆ ಇದೆಯಾ?" ಎಂದು ಕೇಳಿದಳು. ಬೀಗಿತ್ತಿ ತಡೆಯಲಾರದೆ ನಕ್ಕರು. ಮೊಮ್ಮಗಳೂ ನಕ್ಕಳು. ಅಂಥ ಕರಡಿಯೇ ಇಲ್ಲವಂತೆ, ಹೊಸಬರಿಗೆಲ್ಲ ಅವರು ಹೇಳುವ ಕಥೆಯಂತೆ. ಮಗಳೂ ನಕ್ಕಳು. ಅವಳ ಕಿವಿ ಮಾತ್ರ ಕೆಂಪಾಗಿತ್ತು.

ಊಟಕ್ಕೆ ಹೋಳಿಗೆ, ಎಣ್ಣೆಗಾಯಿ, ಮಜ್ಜಿಗೆ ಹುಳಿ, ಎಲ್ಲ ಮಾಡಿದ್ದೆವು. ಬಡಿಸಿದ ಮೇಲೆ ಅಳಿಯಂದಿರು ಕ್ರಮವಾಗಿ ಮನೆತನದ ಮಾತು ತೆಗೆದರು. ತಮ್ಮ ತಾತ ಅಮಲ್ದಾರರ ಕಚೇರಿಯಲ್ಲಿ ಇದ್ದದ್ದು, ತಂದೆ ಹೆಡ್‌ಮಾಸ್ಟರ್ ಆಗಿದ್ದದ್ದು, ಎಲ್ಲ ಹೇಳಿ, ನಿಮ್ಮ ಹಿರಿಯರ ವಿಷಯ ಹೇಳಿ ಎಂದರು. ಬೀಗರು ಖುಷಿಯಾಗಿ ಕುರ್ಚಿ ಮುಂದಕ್ಕೆ ಎಳೆದುಕೊಂಡರು.

ಮೊಮ್ಮಗಳು ನನಗೆ ತಿಳಿಸುತ್ತಾ ಬಂದಳು. "ಅಜ್ಜಿ, ಅವರ ಫ್ಯಾಮಿಲಿಯಲ್ಲಿ ಫಸ್ಟ್ ಬಂದೋರು ಥೀಫ್ ಅಂತೆ. ಇಂಗ್ಲೆಂಡಲ್ಲಿ ಕುರಿ ಕದ್ರು. ಕಾಲಿಗೆ ಚೈನ್ ಹಾಕಿ ಶಿಪ್ಪಲ್ಲಿ ಆಸ್ಟ್ರೇಲಿಯಾಗೆ ಕಳಿಸಿದ್ರಂತೆ."

"ಒಂದು ಕುರಿ ಅಂತಾನೆ, ನಂಬಬೇಡಿ, ಎರಡು" ಎಂದು ಬೀಗಿತ್ತಿ ಸೇರಿಸಿದರಂತೆ.

ಹೆಣ್ಣು ಗಂಡು ನೋಡುವ ದಿನ ಕದ್ದ ಕುರಿಯ ಲೆಕ್ಕ ಸರಿಪಡಿಸುವ ಬೀಗಿತ್ತಿಯನ್ನು ನಾನು ಕಂಡಿರಲಿಲ್ಲ. ಗೊಳ್ಳೆಂದು ನಕ್ಕುಬಿಟ್ಟೆ. ಮಗಳು ಮೇಜಿನ ಕೆಳಗೆ ಕಾಲು ಒತ್ತಿದಳು. ಅಳಿಯಂದಿರು ಹೋಳಿಗೆ ಮುರಿಯುತ್ತಾ ತಟ್ಟೆಯನ್ನೇ ನೋಡುತ್ತಿದ್ದರು.

ಆಮೇಲೆ ಹುಡುಗನ ಸರದಿ. ಇವನು ಕೈಲಾಗದವನು, ನಿಮ್ಮ ಹುಡುಗಿಗೆ ಕಣ್ಣು ಸರಿಯಿದೆಯೇ, ಒಂದು ಸಲ ತೆಗೆದುಕೊಂಡ ಮೇಲೆ ವಾಪಸು ತೆಗೆದುಕೊಳ್ಳುವುದಿಲ್ಲ, ಇವನು ದೇಶ ಬಿಟ್ಟ ದಿನವೇ ಇವನ ಮಂಚ ಮಾರಿದೆವು, ಕೊರೊನಾ ಬಂದು ಇವನು ಈ ಕಡೆ ಉಳಿದದ್ದೇ ನಮ್ಮ ಪುಣ್ಯ. ಇದನ್ನೆಲ್ಲ ಹೇಳುತ್ತಿದ್ದವರು ತಾಯಿ. ಅಳಿಯಂದಿರು "ಹೆತ್ತವಳು ಹೀಗಂತಾಳಲ್ಲ" ಎಂದು ಮಗಳಿಗೆ ಮೆಲ್ಲಗೆ ಕನ್ನಡದಲ್ಲಿ ಅಂದರು.

ನಾನು ಆ ತಾಯಿಯ ಕೈ ನೋಡುತ್ತಿದ್ದೆ. ಪಕ್ಕದಲ್ಲಿ ಕೂತ ಮಗನ ಷರಟಿನ ಕಾಲರಿನೊಳಗೆ ಎರಡು ಬೆರಳು ತೂರಿಸಿ ಹಿಡಿದುಕೊಂಡಿದ್ದರು. ಸಂತೆಯಲ್ಲಿ ಮಗುವನ್ನು ಹಿಡಿದ ಹಾಗೆ. ಊಟವೆಲ್ಲ ಬಲಗೈಯಲ್ಲಿ ನಡೆದಿತ್ತು, ಎಡಗೈ ಅಲ್ಲಿಂದ ಕದಲಲಿಲ್ಲ. ಅವನು ನೀರು ತರಲು ಎದ್ದಾಗ ಮಾತು ಅರ್ಧಕ್ಕೆ ನಿಂತಿತು. ಅವನು ಬಂದು ಕೂತ ಮೇಲೆ ಬೆರಳು ಮತ್ತೆ ಕಾಲರಿಗೆ ಹೋಯಿತು, ಬೈಗುಳ ಮತ್ತೆ ಶುರುವಾಯಿತು.

ನನ್ನ ಅವ್ವನಿಗೆ ನನಗಿಂತ ಮೊದಲು ಹುಟ್ಟಿದವು ಉಳಿಯಲಿಲ್ಲ. ನಾನು ಹುಟ್ಟಿದಾಗ ನನ್ನನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಮಲಗಿಸಿ, ಕಸ ಇದು, ಯಾರಿಗೂ ಬೇಡ ಎಂದು ಕೂಗಿ ಹೇಳಿ, ಆಮೇಲೆ ಎತ್ತಿಕೊಂಡಳಂತೆ. ನನ್ನ ಹೆಸರೂ ಆ ತಿಪ್ಪೆಯದೇ. ಮಗಳಿಗೆ ಆ ಹೆಸರೆಂದರೆ ನಾಚಿಕೆ, ಇಲ್ಲಿಯವರಿಗೆ ಬೇರೆ ಹೆಸರು ಹೇಳುತ್ತಾಳೆ. ಹೆತ್ತವಳು ಹೀಗನ್ನುತ್ತಾಳಲ್ಲ ಎಂದು ಅಳಿಯಂದಿರಿಗೆ ಅನಿಸಿದ್ದು ಆಶ್ಚರ್ಯವಲ್ಲ. ಅವರನ್ನು ಬೆಳ್ಳಿ ತೊಟ್ಟಿಲಲ್ಲಿ ತೂಗಿದ್ದರು.

ಇದನ್ನು ಆಗಲೇ ಬಾಯಿಬಿಟ್ಟು ಹೇಳಿದ್ದರೆ ಏನಾಗುತ್ತಿತ್ತೋ. ಹೇಳಲಿಲ್ಲ. ಬಾಯಿ ಬಿಡಬೇಡ ಎಂದಿದ್ದರಲ್ಲ.

ಅಷ್ಟರಲ್ಲಿ ಕ್ರಿಕೆಟ್ ಮಾತು ಬಂತು. ಅಳಿಯಂದಿರ ಮುಖ ಅರಳಿತು. ಈ ದೇಶದಲ್ಲಿ ಅವರಿಗೆ ಕ್ರಿಕೆಟ್ ಆಡಲು ಜನರಿದ್ದಾರೆ, ಅದರ ಮೇಲೆ ಜಗಳ ಆಡಲು ಯಾರೂ ಸಿಕ್ಕಿರಲಿಲ್ಲ. ಇಬ್ಬರೂ ಕೈ ಬೀಸಿ ಬೀಸಿ ಮಾತಾಡಿದರು. ಬೀಗರು ಅಳಿಯಂದಿರ ಹೊಟ್ಟೆ ತೋರಿಸಿ ಏನೋ ಅಂದರು, ಅಳಿಯಂದಿರೂ ನಕ್ಕರು. ಮೈದಾನದಲ್ಲಿ ಆಸ್ಟ್ರೇಲಿಯಾದವರು ಎದುರಾಳಿಯನ್ನು ಹೇಗೆ ಚುಚ್ಚುತ್ತಾರೆ ಎಂಬುದನ್ನು ಅಳಿಯಂದಿರೇ ನಮಗೆ ಎಷ್ಟೋ ಸಲ ರಸವತ್ತಾಗಿ ವರ್ಣಿಸಿದ್ದುಂಟು. ಈಗ ಎಲ್ಲ ಸರಿಹೋಯಿತು ಎಂದುಕೊಂಡೆ.

ಮಗಳು ಇದೇ ಸಮಯ ಎಂದು ಆ ಸುಳ್ಳನ್ನು ತೆಗೆದು ಬಡಿಸಿದಳು. ಇವರಿಗೆ ಮ್ಯಾಚ್ ನೋಡೋಕೂ ಟೈಮ್ ಇಲ್ಲ, ಗವರ್ನಮೆಂಟಿನ ದೊಡ್ಡ ಪ್ರಾಜೆಕ್ಟು, ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು.

ಬೀಗರು ಅಳಿಯಂದಿರ ತೋಳಿಗೆ ತಿವಿದು, ಕಣ್ಣು ಹೊಡೆದು ಏನೋ ಅಂದರು.

ಯಾರೂ ನಗಲಿಲ್ಲ. ನಾನು ಮೊಮ್ಮಗಳ ಕಡೆ ತಿರುಗಿದೆ. "ಏನಂದ್ರೇ?"

"ಏನಿಲ್ಲ ಅಜ್ಜಿ."

ಆಮೇಲೆ ತಿಳಿದದ್ದು: "ಸರ್ಕಾರದ ಕೆಲಸಾನಾ? ದಿನಾ ಸುಮ್ಮನೆ ಕೂತು ಬರ್ತೀಯ ಅಂತ ಇನ್ನೂ ಅವರಿಗೆ ಗೊತ್ತಾಗಿಲ್ವಾ? ಒದ್ದು ಓಡಿಸಿಲ್ವಾ ನಿನ್ನ?" ಎಂದಿದ್ದರು. ಅವರೂ ಜೀವಮಾನವೆಲ್ಲ ಅವರ ಊರಿನ ಸರ್ಕಾರದಲ್ಲಿ ರಸ್ತೆ ಕೆಲಸ ಮಾಡಿಸಿದವರು. ತಮ್ಮನ್ನೇ ಅಂದುಕೊಂಡ ಹಾಗೆ ಅಂದಿದ್ದರು.

ಅಳಿಯಂದಿರು ಅರ್ಧ ತಿಂದ ತಟ್ಟೆಯನ್ನು ದೂರ ಸರಿಸಿದರು. ಬೀಗರಿಗೆ ಏನೋ ತಪ್ಪಿದೆ ಎನಿಸಿರಬೇಕು. ಆ ಜನಕ್ಕೆ ಗಾಬರಿಯಾದರೆ ಕೆಲಸಕ್ಕೆ ಕೈ ಹಾಕುತ್ತಾರೆಂದು ಕಾಣುತ್ತದೆ, ಎದ್ದು ಎಲ್ಲರ ಎಂಜಲು ತಟ್ಟೆ ಒಂದರ ಮೇಲೊಂದು ಪೇರಿಸಿಕೊಂಡು ಅಡುಗೆಮನೆಯ ಕಡೆ ಹೊರಟರು. ಬೀಗರು ಎಂಜಲು ತಟ್ಟೆ ತೊಳೆಯುವುದೇ? ಅಳಿಯಂದಿರು ದಾಪುಗಾಲು ಹಾಕಿ ಹೋಗಿ ಅವರ ಕೈಯಿಂದ ತಟ್ಟೆ ಕಿತ್ತುಕೊಂಡರು. ಇಂಗ್ಲಿಷಿನಲ್ಲಿ, ದನಿ ಏರಿಸದೆ, "ಬಂದದ್ದು ಸಂತೋಷ. ಇನ್ನು ನೀವು ಹೊರಡಬಹುದು" ಎಂದರು. ಅದು ನನಗೂ ಅರ್ಥವಾಯಿತು.

ಬೀಗಿತ್ತಿ ಬಾಗಿಲಲ್ಲಿ ಮೊಮ್ಮಗಳ ಕೈ ಹಿಡಿದು, "ಕುರಿಯ ವಿಷಯಕ್ಕೆ ಬೇಜಾರಾಯಿತೇ?" ಎಂದು ಕೇಳಿದರಂತೆ. ಹುಡುಗ ನನ್ನ ಕಡೆ ನೋಡಿದ. ಮುಠ್ಠಾಳ ಎನ್ನಲು ನನಗೂ ಬಾಯಿ ಬರಲಿಲ್ಲ. ಅಪ್ಪ ಅಮ್ಮನನ್ನು ಕರೆದುಕೊಂಡು ಅವನು ಕಾರಿನಲ್ಲಿ ಹೋದ.

ಕಾರು ತಿರುಗುತ್ತಲೇ ಅಳಿಯಂದಿರು ಮೊಮ್ಮಗಳ ಮೇಲೆ ಬಿದ್ದರು. "ನೀನೇ ಹೇಳಿರ್ತೀಯ ಅವನಿಗೆ. ಅವನು ಅವರಪ್ಪನಿಗೆ ಹೇಳಿದಾನೆ. ನನ್ನ ಮನೇಲಿ ಕೂತು, ನನ್ನ ಅನ್ನ ತಿಂದು, ನನ್ನ ಮುಖಕ್ಕೆ ಹೇಳಿ ನಗ್ತಾರೆ!"

"ಅಪ್ಪ, ಐ ಸ್ವೇರ್, ನಾನು ಹೇಳಿಲ್ಲ."

"ಹೇಳದೆ ಹೇಗೆ ಗೊತ್ತಾಗುತ್ತೆ?"

"ಅವರಿಗೆ ಗೊತ್ತಿಲ್ಲ! ಜೋಕ್ ಅದು. ನೀವು ಹೇಳ್ಬೇಡ ಅಂದ್ರಿ, ನಾನು ಹೇಳಿಲ್ಲ. ನಾನು ಮದುವೆ ಆಗೋನಿಗೇ ಸುಳ್ಳು ಹೇಳ್ತಾ ಇದೀನಿ, ನಿಮಗೋಸ್ಕರ!"

"ಆ ಮನೆಗೆ ನಿನ್ನನ್ನ ಕೊಡಲ್ಲ. ನಿನಗೆ ಅವರೇ ಬೇಕು ಅಂದ್ರೆ ನಾನು ಬರಲ್ಲ ಮದುವೆಗೆ."

ಮೊಮ್ಮಗಳು ಮೇಲೆ ಹೋಗಿ ಒಂದು ಬ್ಯಾಗಿಗೆ ಬಟ್ಟೆ ತುಂಬಿಕೊಂಡು ಬಂದಳು. ಫೇರ್‌ಫ್ಯಾಕ್ಸ್‌ನಲ್ಲಿ ಬೀಗರು ಇಳಿದುಕೊಂಡಿದ್ದ ಹೋಟೆಲಿಗೆ ಹೋಗುತ್ತೇನೆ ಎಂದಳು. ಅಡ್ಡ ನಿಂತ ಮಗಳನ್ನು ಮೆಲ್ಲಗೆ ಸರಿಸಿ, ತನ್ನ ಕಾರು ತೆಗೆದುಕೊಂಡು ಹೋದಳು. ಅಳಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಅಪ್ಪನಂತೆಯೇ ಅವಳು, ಒಂದು ಸಲ ಬಾಗಿಲು ಹಾಕಿಕೊಂಡರೆ ಆಯಿತು.

ಮಗಳು ಸಿಂಕಿನ ಮುಂದೆ ನಿಂತು ನನ್ನ ಮೇಲೆ ಸಿಟ್ಟು ತೀರಿಸಿಕೊಂಡಳು. "ನೀನೂ ಅವರ ಜೊತೆ ಸೇರ್ಕೊಂಡು ನಕ್ಕೆ."

"ಕುರಿಗೆ ನಕ್ಕೆ ಕಣೇ. ನಿನ್ನ ಗಂಡನಿಗಲ್ಲ."

"ಅವರಿಗೆ ಹೇಗಮ್ಮ ಗೊತ್ತಾಯ್ತು?"

"ಗೊತ್ತಿಲ್ಲ ಅವರಿಗೆ. ಗೊತ್ತಿದ್ದಿದ್ರೆ ಆ ಮಾತು ಆಡ್ತಾನೇ ಇರ್ಲಿಲ್ಲ. ನನ್ನ ತಂಗಿ ಸತ್ತಾಗ ಆ ಹುಡುಗ ಹೇಗಿದ್ದ, ಜ್ಞಾಪಿಸ್ಕೊ. ಗೊತ್ತಾದ್ರೆ ಬಾಯಿ ಮುಚ್ತಾರೆ ಅವರು."

ಅವಳು ನಲ್ಲಿ ನಿಲ್ಲಿಸಿದಳು. "ಹಾಗಾದ್ರೆ ನೀನೇ ಹೇಳು ಇವರಿಗೆ."

"ನಾನು ಅವರ ಹತ್ರ ಅಂಥ ಮಾತೆಲ್ಲ ಆಡಿದೀನೇನೇ ಯಾವತ್ತಾದ್ರೂ?"

"ಮತ್ತೆ ಯಾರು ಹೇಳ್ಬೇಕು? ನಾನು ಹೇಳಿದ್ರೆ ಕೇಳ್ತಾರಾ?"

ಅಳಿಯಂದಿರು ಸಂಜೆಯೆಲ್ಲ ಟಿ.ವಿ. ಮುಂದೆ ಕೂತಿದ್ದರು. ಟಿ.ವಿ. ಹಾಕಿರಲಿಲ್ಲ. ಅವರ ಸಂಕಟ ನನಗೆ ತಿಳಿಯದ್ದಲ್ಲ. ಕೆಲಸ ಹೋದ ಮೇಲೆ ಈ ಮನೆಯಲ್ಲಿ ಎಲ್ಲರೂ ಅವರನ್ನು ಗಾಜಿನ ಲೋಟದಂತೆ ಹಿಡಿದುಕೊಂಡಿದ್ದೆವು. ಮಗಳು ಮೆಲ್ಲಗೆ ಮಾತಾಡುವಳು, ಮೊಮ್ಮಗಳು ಬಳಸಿಕೊಂಡು ಹೋಗುವಳು, ನಾನು ವಾಪಸು ಬಂದ ಮೊಸರನ್ನ ಚೆಲ್ಲುವೆ. ಸತ್ತವರ ಮನೆಯಲ್ಲಿ ನಡೆಯುವಂತೆ ನಡೆಯುತ್ತಿದ್ದೆವು, ಮನುಷ್ಯ ಬದುಕಿ ಎದುರಿಗೇ ಕೂತಿದ್ದ. ಅವರನ್ನು ನೆಟ್ಟಗಿರುವ ಗಂಡಸೆಂದು ತಿಳಿದು ತೋಳಿಗೆ ತಿವಿದವರು, ಇಷ್ಟು ದಿನಗಳಲ್ಲಿ, ಆ ಬೀಗರು ಒಬ್ಬರೇ.

ಮೊಮ್ಮಗಳಿಗೆ ಮಗಳು ಫೋನು ಮಾಡುತ್ತಲೇ ಇದ್ದಳು. ಅವಳು ಎತ್ತಲಿಲ್ಲ.

ಮಾರನೆಯ ದಿನ ಸೋಮವಾರ. ಬೆಳಿಗ್ಗೆ ಅಳಿಯಂದಿರು ಎಂದಿನಂತೆ ಶೇವ್ ಮಾಡಿಕೊಂಡು, ಬ್ಯಾಗು ಹೆಗಲಿಗೇರಿಸಿ ಗ್ಯಾರೇಜಿಗೆ ಬಂದರು. ನಾನು ಅಷ್ಟರಲ್ಲಿ ಮಿಕ್ಕ ಹೋಳಿಗೆಗಳನ್ನು ಡಬ್ಬಿಗೆ ಹಾಕಿ, ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಅಲ್ಲಿ ನಿಂತಿದ್ದೆ. ಅವರ ಹೆಗಲಿನಿಂದ ಬ್ಯಾಗು ತೆಗೆದು ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಟ್ಟೆ. ಅವರು ಏನು ಎಂದು ಕೇಳುವ ಮೊದಲೇ ಕಾರಿನ ಮುಂದಿನ ಬಾಗಿಲು ತೆಗೆದು, ಅವರ ಪಕ್ಕದ ಸೀಟಿನಲ್ಲಿ ಕೂತು, ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡೆ.

"ಎಲ್ಲಿಗೆ ಅತ್ತೆ?"

"ಫೇರ್‌ಫ್ಯಾಕ್ಸ್‌ಗೆ. ಕುರಿ ಕಳ್ಳರ ಹತ್ರ."

ಅವರು ಸ್ಟೀರಿಂಗ್ ಹಿಡಿದು ಕೂತರು, ಕೀ ಹಾಕಲಿಲ್ಲ. "ಈಗ ಟ್ರಾಫಿಕ್ ಜಾಸ್ತಿ ಇರುತ್ತೆ, ಅತ್ತೆ" ಎಂದರು, ನನ್ನ ಕಡೆ ನೋಡದೆ.

ನಾನು ಹೇಳಿದೆ: "ಇದ್ರೆ ಇರ್ಲಿ ಬಿಡಿ. ನಿಮಗೇನು ಆಫೀಸಿಗೆ ಲೇಟಾಗುತ್ತಾ?"

ಈ ವಯಸ್ಸಿನಲ್ಲಿ ಅಳಿಯನಿಗೆ ಅಂಥ ಮಾತು ಅಂದವಳು ನಾನೊಬ್ಬಳೇ ಇರಬೇಕು. ಅವರು ಕೀ ಹಾಕಿದರು. ಆಮೇಲೆ ಮೂಗಿನಿಂದ ಒಂದು ಸದ್ದು ಬಂತು. ನಗುವೋ ಬೇರೆ ಏನೋ, ನಾನು ವಿಚಾರಿಸಲು ಹೋಗಲಿಲ್ಲ.

"ಬೆಲ್ಟ್ ಹಾಕ್ಕೊಳ್ಳಿ ಅತ್ತೆ" ಎಂದರು.

ಮುಂದಿನ ಸೀಟಿನ ಬೆಲ್ಟು ಎಲ್ಲಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ತಡಕಾಡಿ ಹುಡುಕಿ, ಎಳೆದು, ಹಾಕಿಕೊಂಡೆ.